ಕೆಟ್ಟಿಲ್ಲದ ಕಂಪ್ಯೂಟರ್ ಹಳೆಯದಾದದ್ದು ಹೇಗೆ?

ಅಂಗಡಿಯೊಂದರ ಮೂಲೆಯಲ್ಲಿ 2017ರಲ್ಲಿ ಕೊಂಡ ಕಂಪ್ಯೂಟರ್ ಇದೆ ಅಂದುಕೊಳ್ಳಿ. ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ನಡುವೆ ಒಂದು ಎಸ್‌ಎಸ್‌ಡಿ ಹಾಕಿಸಿದ್ದರಿಂದ ಮೊದಲಿಗಿಂತ ಚುರುಕಾಗಿದೆ. ಬಿಲ್ಲು, ಟೈಪಿಂಗು, ಮಕ್ಕಳ ಆನ್‌ಲೈನ್ ಪಾಠ, ಎಲ್ಲಕ್ಕೂ ಒದಗಿ ಬಂದಿದೆ. ಒಂದು ಸ್ಕ್ರೂ ಕೂಡ ಸಡಿಲವಾಗಿಲ್ಲ. ಆದರೆ ವಿಂಡೋಸ್ 11 ಹಾಕಲು ಹೋದರೆ, ಈ ಯಂತ್ರಕ್ಕೆ ಆಗುವುದಿಲ್ಲ ಎಂಬ ಉತ್ತರ ಬರುತ್ತದೆ. ವಿಂಡೋಸ್ 10ರಲ್ಲೇ ಇರೋಣ ಅಂದರೆ, 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತುಹೋದವು.

"ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಿಸಬೇಕು?" ಇದು ನ್ಯಾಯವಾದ ಪ್ರಶ್ನೆ. ಉತ್ತರ ಬೇಕೆಂದರೆ ಮೂವತ್ತು ವರ್ಷ ಹಿಂದೆ ಹೋಗಬೇಕು.

ವಿಂಡೋಸ್ 95 ಬಳಸಿದವರಿಗೆ ನೆನಪಿರಬಹುದು. ಕಂಪ್ಯೂಟರ್ ಶುರುವಾದಾಗ ಪಾಸ್‌ವರ್ಡ್ ಕೇಳುತ್ತಿತ್ತು. ಗೊತ್ತಿಲ್ಲದಿದ್ದರೆ ಎಸ್ಕೇಪ್ ಕೀ ಒತ್ತಿದರೆ ಸಾಕು, ಒಳಗೆ ಹೋಗಬಹುದಿತ್ತು. ಆ ಪಾಸ್‌ವರ್ಡ್ ಇದ್ದದ್ದು ನೆಟ್‌ವರ್ಕ್‌ಗೆ, ಯಂತ್ರಕ್ಕಲ್ಲ. ಯಾವ ಫೈಲ್ ಯಾರದ್ದು ಎಂಬ ಲೆಕ್ಕವೇ ಇರಲಿಲ್ಲ. ಅದನ್ನು ತಪ್ಪು ಅನ್ನಲೂ ಆಗದು. ಆಗಿನ ಮನೆಯ ಕಂಪ್ಯೂಟರ್ ಒಬ್ಬಂಟಿ. ಹೊರಗಿನಿಂದ ಏನಾದರೂ ಬಂದರೆ ಫ್ಲಾಪಿಯಲ್ಲಿ ಬರಬೇಕಿತ್ತು.

ಬೀಗವಿರುವ ವಿಂಡೋಸ್ ಕೂಡ ಆಗಲೇ ಇತ್ತು. ಕಚೇರಿಗಳಿಗೆಂದು 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಪ್ರತಿ ಬಳಕೆದಾರರಿಗೂ ಬೇರೆ ಬೇರೆ ಹಕ್ಕುಗಳಿದ್ದವು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದೇ ಅಡಿಪಾಯವನ್ನು ಮನೆಗಳಿಗೂ ತಂದಿತು. ಕನ್ನಡ ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಮತ್ತು ತುಂಗಾ ಫಾಂಟ್ ಬಂದದ್ದೂ ಅದರ ಜೊತೆಗೇ. ಆದರೆ ಎಕ್ಸ್‌ಪಿ ಹಾಕುವಾಗ ತಯಾರಾಗುತ್ತಿದ್ದ ಖಾತೆ ಅಡ್ಮಿನಿಸ್ಟ್ರೇಟರ್ ಖಾತೆ. ಅಂದರೆ ಮನೆಯಲ್ಲಿ ಯಾರು ಕೂತರೂ ಅವರೇ ಯಜಮಾನರು. ಅವರು ತೆರೆದ ಪ್ರೋಗ್ರಾಮೂ ಯಜಮಾನ. ಅವರಿಗೆ ಗೊತ್ತಿಲ್ಲದೆ ನುಸುಳಿದ ವೈರಸ್ಸೂ ಯಜಮಾನ. ಹೀಗೆ ಬಿಟ್ಟದ್ದಕ್ಕೆ ಕಾರಣವಿತ್ತು. ವಿಂಡೋಸ್ 95ರ ಕಾಲದ ಎಷ್ಟೋ ಪ್ರೋಗ್ರಾಮ್‌ಗಳು ಸಿಸ್ಟಮ್‌ನ ಎಲ್ಲಾ ಮೂಲೆಗೂ ಕೈಹಾಕುತ್ತಿದ್ದವು. ಹಕ್ಕು ಕಡಿಮೆ ಮಾಡಿದರೆ ಅವು ತೆರೆಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಇಂಟರ್‌ನೆಟ್ ಬಂದಿತ್ತು. 2001ರಲ್ಲೇ ಕೋಡ್ ರೆಡ್ ಮತ್ತು ನಿಮ್ಡಾ ಎಂಬ ಹುಳುಗಳು, ಅಂದರೆ ನೆಟ್‌ವರ್ಕ್‌ನಲ್ಲಿ ತಾವಾಗಿಯೇ ಹಬ್ಬುವ ವೈರಸ್‌ಗಳು, ಹರಡಿದವು. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ಕಂಪನಿ ಮೈಕ್ರೋಸಾಫ್ಟ್‌ನ ಎಲ್ಲರಿಗೂ ಒಂದು ಪತ್ರ ಬರೆದರು. ಹೊಸ ಸೌಲಭ್ಯ ಬೇಕೋ ಭದ್ರತೆ ಬೇಕೋ ಎಂಬ ಪ್ರಶ್ನೆ ಬಂದರೆ ಭದ್ರತೆಯನ್ನೇ ಆರಿಸಿ ಎಂದು ಅದರಲ್ಲಿ ಹೇಳಿದ್ದರು. ಆದರೆ ಆ ಹೊತ್ತಿಗೆ ಎಕ್ಸ್‌ಪಿ ಲಕ್ಷಾಂತರ ಮನೆ ಸೇರಿಯಾಗಿತ್ತು.

2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಬಂತು. ನೀವು ಯಾವ ಇಮೇಲನ್ನೂ ತೆರೆಯಬೇಕಿರಲಿಲ್ಲ, ಏನನ್ನೂ ಒತ್ತಬೇಕಿರಲಿಲ್ಲ. ನೆಟ್‌ಗೆ ಸೇರಿದ್ದರೆ ಸಾಕು. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂದು 60 ಸೆಕೆಂಡಿನಿಂದ ಕೆಳಗೆ ಎಣಿಸುತ್ತಿತ್ತು. ಸೊನ್ನೆ ಮುಟ್ಟಿದೊಡನೆ ಕಂಪ್ಯೂಟರ್ ರೀಸ್ಟಾರ್ಟ್. ಮತ್ತೆ ನೆಟ್ ಹಾಕಿದರೆ ಮತ್ತೆ ಅದೇ ಎಣಿಕೆ. ನೋವಿನ ವಿಷಯ ಏನು ಗೊತ್ತಾ? ಹುಳು ನುಸುಳುತ್ತಿದ್ದ ವಿಂಡೋಸ್‌ನ ಆ ತೂತಿಗೆ ಮೈಕ್ರೋಸಾಫ್ಟ್ ಜುಲೈ 16ರಂದೇ ತೇಪೆ, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಬಿಡುಗಡೆ ಮಾಡಿತ್ತು. ನಡುವೆ 26 ದಿನ ಇದ್ದವು. ಆದರೂ ಬಹಳ ಜನ ಅದನ್ನು ಹಾಕಿಕೊಂಡಿರಲಿಲ್ಲ. ಡಯಲ್‌ಅಪ್ ಕಾಲದಲ್ಲಿ ಫೋನ್ ಬಿಲ್ಲು ಏರಿಸಿಕೊಂಡು ತೇಪೆ ಇಳಿಸಿಕೊಳ್ಳುವವರು ಎಷ್ಟು ಜನ ಇರುತ್ತಾರೆ?

ಅಪ್‌ಡೇಟ್ ಕುರಿತ ಜಗಳಕ್ಕೆ ಬೀಜ ಬಿದ್ದದ್ದು ಆ 26 ದಿನಗಳಲ್ಲಿ ಎಂದು ನನಗೆ ಅನಿಸುತ್ತದೆ. ಇಪ್ಪತ್ತು ವರ್ಷ ದಾಟಿದರೂ ಆ ಜಗಳ ಮುಗಿದಿಲ್ಲ. ಜನರ ಇಷ್ಟಕ್ಕೆ ಬಿಟ್ಟರೆ ತೇಪೆ ಹಾಕಿಕೊಳ್ಳುವುದಿಲ್ಲ ಎಂದು ಕಂಪನಿ ಆಗ ಕಲಿತಿತು. ಅದು ಕಲಿತದ್ದು ಸುಳ್ಳಲ್ಲ. 2003ರ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರ ತೇಪೆಗಳು ಬರತೊಡಗಿದವು. 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್ ಸರ್ವಿಸ್ ಪ್ಯಾಕ್ 2, ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲನ್ನು ತಾನೇ ಆನ್ ಮಾಡಿ ಕೂತಿತು. ಅದರಿಂದ ಕೆಲವು ಪ್ರೋಗ್ರಾಮ್‌ಗಳು ನಿಂತವು, ಜನ ಗೊಣಗಿದರು. ಆದರೂ ಎಕ್ಸ್‌ಪಿಗೆ ಆದ ಅತಿ ದೊಡ್ಡ ಉಪಕಾರ ಅದೇ.

ಆಮೇಲೆ ಒಂದು ತಪ್ಪು ಹೆಜ್ಜೆ ಬಿತ್ತು. 2006ರಲ್ಲಿ, ಭದ್ರತೆಯ ತೇಪೆಗಳು ಬರುತ್ತಿದ್ದ ಅದೇ ದಾರಿಯಲ್ಲಿ ಇನ್ನೊಂದು ವಸ್ತುವನ್ನು ಕಳಿಸಿದರು. ನಿಮ್ಮ ವಿಂಡೋಸ್ ಅಸಲಿಯೋ ನಕಲಿಯೋ ಎಂದು ತಪಾಸಣೆ ಮಾಡುವ ಪ್ರೋಗ್ರಾಮ್ ಅದು. ಅಮೆರಿಕದಲ್ಲಿ ಅದರ ಮೇಲೆ ಮೊಕದ್ದಮೆಗಳೂ ಆದವು. ನಕಲಿ ಪ್ರತಿ ತಡೆಯುವ ಹಕ್ಕು ಕಂಪನಿಗೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವವರು ಎಕ್ಸ್‌ಪಿಯನ್ನೂ ಲೈಸೆನ್ಸ್ ಇಲ್ಲದೆ ಹಾಗೇ ಹಾಕಿ ಕೊಡುತ್ತಿದ್ದ ಕಾಲ ಅದು. ಜೊತೆಗೆ ಒಂದು ಬುದ್ಧಿಮಾತು ಸಿಗುತ್ತಿತ್ತು: "ಅಪ್‌ಡೇಟ್ ಆಫ್ ಮಾಡಿದೀನಿ, ಆನ್ ಮಾಡ್ಬೇಡಿ." ಕೊಂಡವರಿಗೆ ಏನೂ ಗೊತ್ತಿರುತ್ತಿರಲಿಲ್ಲ. ಅಪ್‌ಡೇಟ್ ಅಂದರೆ ತೊಂದರೆ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಕೂತಿತು.

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂತು. ಮನೆಯ ಯಜಮಾನನೂ ಇನ್ನು ಮಾಮೂಲಿ ಬಳಕೆದಾರನಂತೆ ಇರಬೇಕು, ದೊಡ್ಡ ಕೆಲಸ ಮಾಡುವಾಗ ಮಾತ್ರ ಒಪ್ಪಿಗೆ ಕೊಡಬೇಕು ಎಂಬುದು ಅದರ ನಿಯಮ. ವಿಚಾರ ಒಳ್ಳೆಯದೇ. ಆದರೆ ಗಡಿಯಾರದ ಸಮಯ ಸರಿ ಮಾಡಿದರೂ ಪರದೆ ಕಪ್ಪಾಗಿ ಅಪ್ಪಣೆ ಕೇಳುತ್ತಿತ್ತು. ಒಂದು ಐಕಾನ್ ಅಳಿಸಲು ಎರಡು ಮೂರು ಸಲ ಹೌದು ಅನ್ನಬೇಕಿತ್ತು. ಇದರ ಹಿಂದಿನ ಕಾರಣ 2008ರಲ್ಲಿ ಹೊರಬಂತು. ಮೈಕ್ರೋಸಾಫ್ಟ್‌ನ ಡೇವಿಡ್ ಕ್ರಾಸ್ ಒಂದು ಭದ್ರತಾ ಸಮಾವೇಶದಲ್ಲಿ ನೇರವಾಗಿ ಹೇಳಿದರು: ಬಳಕೆದಾರರಿಗೆ ಕಿರಿಕಿರಿ ಆಗಲೆಂದೇ ಇದನ್ನು ಇಟ್ಟೆವು. ಕಿರಿಕಿರಿಯಾದ ಜನ ಪ್ರೋಗ್ರಾಮ್ ಮಾಡುವ ಕಂಪನಿಗಳನ್ನು ಕೇಳುತ್ತಾರೆ, ಆಗ ಅವರು ಸಿಕ್ಕಲ್ಲೆಲ್ಲ ಕೈಹಾಕುವ ಅಭ್ಯಾಸ ಬಿಡುತ್ತಾರೆ ಎಂಬುದು ಲೆಕ್ಕಾಚಾರ. ಅದು ಸ್ವಲ್ಪ ಮಟ್ಟಿಗೆ ಫಲಿಸಿತು ಕೂಡ. ಇವತ್ತಿನ ಪ್ರೋಗ್ರಾಮ್‌ಗಳು ಅಷ್ಟು ಅಪ್ಪಣೆ ಕೇಳುವುದಿಲ್ಲ, ಅಲ್ವಾ? ಆದರೆ ಎರಡು ಕಂಪನಿಗಳ ನಡುವಿನ ವ್ಯವಹಾರ ಸರಿಪಡಿಸಲು ಬಳಕೆದಾರರನ್ನು ಕೋಲಿನಂತೆ ಬಳಸಿದ್ದು ನನಗೆ ಇಂದಿಗೂ ಸರಿ ಅನಿಸಿಲ್ಲ. ಎಷ್ಟೋ ಜನ ಏನು ಎತ್ತ ಎಂದು ಓದದೆ ಹೌದು ಒತ್ತುವುದನ್ನು ರೂಢಿ ಮಾಡಿಕೊಂಡರು.

ವಿಸ್ಟಾದ 64 ಬಿಟ್ ಆವೃತ್ತಿ ಇನ್ನೊಂದು ಬೀಗ ಹಾಕಿತು. ಡಿಜಿಟಲ್ ಸಹಿ ಇಲ್ಲದ ಡ್ರೈವರ್‌ಗಳಿಗೆ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳಿಗೆ) ಸಿಸ್ಟಮ್‌ನ ಒಳಮನೆಗೆ ಪ್ರವೇಶವಿಲ್ಲ. ಹಳೆಯ 16 ಬಿಟ್ ಪ್ರೋಗ್ರಾಮ್‌ಗಳೂ ಅಲ್ಲಿ ಓಡುವುದಿಲ್ಲ. ಇದರ ಬಿಸಿ ಚೆನ್ನಾಗಿ ತಟ್ಟಿದ್ದು ನಮ್ಮ ಡಿಟಿಪಿ ಅಂಗಡಿಗಳಿಗೆ. ಕನ್ನಡ ಅಕ್ಷರಗಳ ಕೆಲವು ತಂತ್ರಾಂಶಗಳು ಲಾಕ್ ಎಂಬ ಸಣ್ಣ ತುಂಡಿನ ಜೊತೆ ಬರುತ್ತಿದ್ದವು. ಅದನ್ನು ಕಂಪ್ಯೂಟರ್‌ನ ಹಿಂದೆ ಚುಚ್ಚಿದರೆ ಮಾತ್ರ ಫಾಂಟ್ ಕೆಲಸ ಮಾಡುತ್ತಿತ್ತು. ಆ ಲಾಕ್‌ಗೆ ಹೊಸ ಡ್ರೈವರ್ ಬರದಿದ್ದರೆ ಹಣ ಕೊಟ್ಟು ಕೊಂಡ ತಂತ್ರಾಂಶ ಹೊಸ ಯಂತ್ರದಲ್ಲಿ ಮೂಕ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಕನ್ನಡದ ಯೂನಿಕೋಡ್ ಹಿಡಿಸುವುದಿಲ್ಲ. ಹತ್ತಾರು ವರ್ಷಗಳ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕಗಳ ಫೈಲುಗಳೆಲ್ಲ ಹಳೆಯ ಫಾಂಟಿನಲ್ಲೇ ಇವೆ. ಆ ಅಂಗಡಿಯವರು ಎಕ್ಸ್‌ಪಿ ಬಿಡದಿದ್ದದ್ದು ಸೋಮಾರಿತನದಿಂದ ಅಲ್ಲ. ಬಿಟ್ಟರೆ ಅನ್ನ ಹೋಗುತ್ತಿತ್ತು.

ಆದರೆ ಅಪಾಯವೂ ಅದೇ ಅಂಗಡಿಗಳ ಬಾಗಿಲಲ್ಲೇ ನಿಂತಿತ್ತು. 2008ರ ನವೆಂಬರ್‌ನಲ್ಲಿ ಕಾಣಿಸಿದ ಕಾನ್ಫಿಕರ್ ಹುಳುವಿಗೂ ಒಂದು ತಿಂಗಳ ಮೊದಲೇ ತೇಪೆ ಬಂದಿತ್ತು. ಈ ಹುಳು ಮುಂದೆ ಪೆನ್‌ಡ್ರೈವ್ ಮೂಲಕವೂ ಹರಡಿತು. ಚುಚ್ಚಿದೊಡನೆ ತಾನಾಗಿ ಓಡುವ ಆಟೋರನ್ ಸೌಲಭ್ಯವೇ ಅದಕ್ಕೆ ದಾರಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದರೆ ಪೆನ್‌ಡ್ರೈವ್ ತುಂಬ ವೈರಸ್ ಇರುತ್ತಿದ್ದ ದಿನಗಳು ನೆನಪಿವೆಯೇ? 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗಳಲ್ಲೂ ಪೆನ್‌ಡ್ರೈವ್‌ನ ಆಟೋರನ್ ನಿಲ್ಲಿಸಿದರು. ಹೀಗೆ ಸದ್ದಿಲ್ಲದೆ ಒಳ್ಳೆಯದು ಮಾಡಿದ ಅಪ್‌ಡೇಟ್‌ಗಳನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

2009ರ ವಿಂಡೋಸ್ 7 ಕಿರಿಕಿರಿ ಕಡಿಮೆ ಮಾಡಿತು, ಜನ ಅದನ್ನು ಮೆಚ್ಚಿದರು. ಎಷ್ಟು ಮೆಚ್ಚಿದರು ಅಂದರೆ ಬಿಡಲು ಒಪ್ಪಲಿಲ್ಲ. 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ, ಒಂದು ವರ್ಷದೊಳಗೆ ಅದಕ್ಕೆ ಬದಲಾದರೆ ಉಚಿತ ಅಂದರು. ಆದರೂ ಎಷ್ಟೋ ಜನ ಅಲುಗಾಡಲಿಲ್ಲ. ಆಗ ಒತ್ತಾಯ ಶುರುವಾಯಿತು. ಆಹ್ವಾನದ ಪೆಟ್ಟಿಗೆ ಮತ್ತೆ ಮತ್ತೆ ಬರುತ್ತಿತ್ತು. 2016ರ ಮೇ ಹೊತ್ತಿಗೆ ಅದರ ಮೂಲೆಯ ಎಕ್ಸ್ ಗುರುತು ಒತ್ತಿದರೆ, ಗೊತ್ತುಮಾಡಿದ ಸಮಯಕ್ಕೆ ಅಪ್‌ಗ್ರೇಡ್ ಆಗಲಿ ಎಂದು ಒಪ್ಪಿದ ಹಾಗೆ ಆಗುತ್ತಿತ್ತು. ಎಕ್ಸ್ ಅಂದರೆ ಬೇಡ ಎಂದು ಇಪ್ಪತ್ತು ವರ್ಷ ಕಲಿಸಿದವರೇ ಅದರ ಅರ್ಥ ಬದಲಿಸಿದರು. ಕ್ಯಾಲಿಫೋರ್ನಿಯಾದ ಟ್ರಾವೆಲ್ ಏಜೆಂಟ್ ಒಬ್ಬರು ತಮ್ಮ ಕಂಪ್ಯೂಟರ್ ಅಪ್ಪಣೆಯಿಲ್ಲದೆ ಬದಲಾಗಿ ಕೆಲಸ ಕೆಟ್ಟಿತು ಎಂದು ಕೋರ್ಟಿಗೆ ಹೋಗಿ 10,000 ಡಾಲರ್ ಪಡೆದರು. ಆ ಕೆಲವು ವಾರಗಳಲ್ಲಿ ತಾವು ಮಿತಿ ಮೀರಿದ್ದಾಗಿ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರೇ ವರ್ಷದ ಕೊನೆಗೆ ಒಪ್ಪಿಕೊಂಡರು.

ನನ್ನ ತಕರಾರು ಇರುವುದು ಇಲ್ಲಿಯೇ. ತೂತು ಮುಚ್ಚುವುದು ಒಂದು ಕೆಲಸ. ಮನೆಯನ್ನೇ ಬದಲಿಸುವುದು ಇನ್ನೊಂದು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಪ್‌ಡೇಟ್ ಎಂದು ಕರೆದರು. ಮನೆ ಬದಲಿಸಲು ಇಷ್ಟವಿಲ್ಲದವರು ಮೂಟೆಯನ್ನೇ ಬೇಡ ಅಂದರು. ಆಗ ಊರೂರಲ್ಲೂ ಅಪ್‌ಡೇಟ್ ಸರ್ವಿಸನ್ನೇ ಆಫ್ ಮಾಡುವ ವಿದ್ಯೆ ಹರಡಿತು.

ಒಂದು ವರ್ಷ ಕಳೆದಿರಲಿಲ್ಲ. 2017ರ ಮೇ 12ರಂದು ವಾನಾಕ್ರೈ ಹುಳು ಬಡಿಯಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು, ತೆಗೆಯಲು ದುಡ್ಡು ಕೇಳಿದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಎಂಬ ಅಂದಾಜಿದೆ. ಪಕ್ಕದ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರ್‌ಗಳಿಗೂ ತಗಲಿತು. ಇದಕ್ಕೂ ಮಾರ್ಚ್ 14ಕ್ಕೇ ತೇಪೆ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು.

ಹಾಗಂತ ಬಂದ ತೇಪೆಯನ್ನೆಲ್ಲ ಕಣ್ಣು ಮುಚ್ಚಿ ಹಾಕಿಕೊಳ್ಳಿ ಎನ್ನುವ ಹಾಗೂ ಇರಲಿಲ್ಲ. 2018ರ ಅಕ್ಟೋಬರ್‌ನ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಫೈಲುಗಳನ್ನೇ ಅಳಿಸಿತು. ಕಂಪನಿ ಅದನ್ನು ವಾಪಸ್ ಪಡೆಯಿತು. 2019ರಲ್ಲಿ ಹೋಮ್ ಆವೃತ್ತಿಯವರಿಗೂ ಅಪ್‌ಡೇಟನ್ನು 35 ದಿನಗಳವರೆಗೆ ತಡೆದಿಡುವ ಗುಂಡಿ ಕೊಟ್ಟರು.

ಈಗ ಮೂಲೆಯಲ್ಲಿರುವ ಆ 2017ರ ಯಂತ್ರಕ್ಕೆ ಬರೋಣ. 2021ರ ಜೂನ್‌ನಲ್ಲಿ ವಿಂಡೋಸ್ 11 ಘೋಷಿಸಿದಾಗ ಟಿಪಿಎಂ 2.0 ಬೇಕೇಬೇಕು ಅಂದರು. ಟಿಪಿಎಂ ಅಂದರೆ ಕಂಪ್ಯೂಟರ್‌ನೊಳಗಿನ ಸಣ್ಣ ತಿಜೋರಿ. ಡಿಸ್ಕಿಗೆ ಹಾಕಿದ ಬೀಗದ ಕೈಯನ್ನು ಅದು ಬಚ್ಚಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪ್ ಕಳುವಾದರೂ ಡಿಸ್ಕ್ ಬಿಚ್ಚಿ ಓದಲು ಆಗುವುದಿಲ್ಲ. ಎಷ್ಟೋ ಜೋಡಿಸಿದ ಯಂತ್ರಗಳಲ್ಲಿ ಈ ಸೌಲಭ್ಯ ಇತ್ತು, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆಫ್ ಆಗಿತ್ತು ಅಷ್ಟೇ. ಅದು ಗೊತ್ತಿಲ್ಲದೆ ಜನ ಬೇರೆ ಚಿಪ್ ಕೊಳ್ಳಲು ಮುಗಿಬಿದ್ದರು, ಅದರ ಬೆಲೆ ಗಗನಕ್ಕೇರಿತು.

ಏಳನೇ ತಲೆಮಾರಿನ ಪ್ರೊಸೆಸರ್‌ಗಳಲ್ಲೂ ಟಿಪಿಎಂ 2.0 ಇದೆ. ಆದರೂ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಗಿನವು ಮಾತ್ರ ಎಂದು ಗೆರೆ ಎಳೆದರು. ಹಳೆಯ ಯಂತ್ರಗಳು ಹೆಚ್ಚು ಕ್ರ್ಯಾಶ್ ಆಗುತ್ತವೆ ಎಂದು ಕಾರಣ ಕೊಟ್ಟರು. ಇರಬಹುದು. ಆದರೆ ಕಂಪನಿಯೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಕಂಪ್ಯೂಟರ್‌ನಲ್ಲಿ ಇದ್ದದ್ದು ಏಳನೇ ತಲೆಮಾರಿನ ಪ್ರೊಸೆಸರ್. ಅದನ್ನು ಪಟ್ಟಿಗೆ ಸೇರಿಸಿಕೊಂಡರು. ಅದೇ ತಲೆಮಾರಿನ ನಿಮ್ಮ ಐ5 ಮಾತ್ರ ಹೊರಗೇ ಉಳಿಯಿತು. ಭದ್ರತೆಗಾಗಿ ಎಂಬ ಮಾತನ್ನು ಜನ ಅನುಮಾನದಿಂದ ನೋಡುವುದು ಇಂಥ ಕಡೆ. ಹೀಗೆ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸಕ್ಕೆ ಹೋಗಬಹುದು ಎಂದು ಮಾರುಕಟ್ಟೆ ಅಧ್ಯಯನ ಮಾಡುವ ಕ್ಯಾನಲಿಸ್ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ವಿಂಡೋಸ್ 10 ಬಳಸುವವರಿಗೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷದ ತೇಪೆಗಳನ್ನು ಪ್ರಕಟಿಸಿದರು. ಅದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು. ಮೇಲೆ 30 ಡಾಲರ್ ಅಥವಾ ಮೈಕ್ರೋಸಾಫ್ಟ್‌ನ 1,000 ರಿವಾರ್ಡ್ಸ್ ಪಾಯಿಂಟ್ ಕೊಡಬೇಕು, ಇಲ್ಲವೇ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡ್‌ಗೆ ಬ್ಯಾಕಪ್ ಮಾಡಬೇಕು. ಯುರೋಪಿನ ಗ್ರಾಹಕ ಸಂಘಟನೆ ಪಟ್ಟು ಹಿಡಿದ ಮೇಲೆ ಅಲ್ಲಿನವರಿಗೆ ಈ ಬ್ಯಾಕಪ್ ಶರತ್ತನ್ನು ಕೈಬಿಟ್ಟರು. ನಮಗೆ ಬಿಡಲಿಲ್ಲ. ಅಂಗಡಿಯವರು ಈ ದಾರಿ ಹಿಡಿದರೆ ಒಂದಿಷ್ಟು ಸಮಯ ಸಿಗುತ್ತದೆ. ಮೇಲ್ ನೋಡಲು, ಬ್ರೌಸ್ ಮಾಡಲು ಮಾತ್ರ ಆದರೆ ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಸಬಹುದು, ತೇಪೆಗಳು ಪುಕ್ಕಟೆ ಬರುತ್ತಿರುತ್ತವೆ.

ಪೇಜ್‌ಮೇಕರ್ ಬಿಡಲಾಗದವರ ಬಳಿ ಇರುವ ಉಪಾಯ ಹಳೆಯದೇ. ನೆಟ್ ಕೇಬಲ್ ಕಿತ್ತುಹಾಕಿ, ಆ ಯಂತ್ರವನ್ನು 1995ರಲ್ಲಿ ಇದ್ದ ಹಾಗೆ ಒಬ್ಬಂಟಿ ಮಾಡಿ ಇಟ್ಟುಕೊಳ್ಳುವುದು. ಫೈಲುಗಳ ಓಡಾಟ ಮತ್ತೆ ಗಿರಾಕಿಗಳು ತರುವ ಪೆನ್‌ಡ್ರೈವ್‌ನಲ್ಲಿ.