ಆರ್ಗನ್ ಟ್ರಿಯೋ: ಬಾಸ್ ನುಡಿಸುವವನು ಎಲ್ಲಿ?

ಅಮೆರಿಕದ ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’ ಆಲ್ಬಮ್‌ನಲ್ಲಿ ನುಡಿಸಿದವರ ಹೆಸರು ಓದಿ ನೋಡಿ. ಆರ್ಗನ್‌ಗೆ ಸ್ಮಿತ್, ಟೆನರ್ ಸ್ಯಾಕ್ಸೋಫೋನ್‌ಗೆ ಸ್ಟ್ಯಾನ್ಲಿ ಟರೆಂಟೈನ್, ಗಿಟಾರ್‌ಗೆ ಕೆನ್ನಿ ಬರೆಲ್, ಡ್ರಮ್ಸ್‌ಗೆ ಡೊನಾಲ್ಡ್ ಬೇಲಿ. ಅಷ್ಟೇ ಜನ. ಬಾಸ್, ಅಂದರೆ ತಳದ ಮಂದ್ರ ಸ್ವರಗಳನ್ನು, ನುಡಿಸುವವರೇ ಇಲ್ಲ. ಆದರೆ ಹಾಕಿ ಕೇಳಿದರೆ ಬಾಸ್ ಮಾತ್ರ ಆರಾಮಾಗಿ ಹೆಜ್ಜೆ ಹಾಕ್ಕೊಂಡು ಹೋಗ್ತಾ ಇರುತ್ತದೆ!

ಆ ಬಾಸ್ ಇರುವುದು ಸ್ಮಿತ್ ಅವರ ಎಡಗೈಯಲ್ಲಿ ಮತ್ತು ಕಾಲಿನಲ್ಲಿ. ಆರ್ಗನ್ ಟ್ರಿಯೋ ಎಂಬ ಪದದ ಗುಟ್ಟೇ ಇದು. ಟ್ರಿಯೋ ಅಂದರೆ ಮೂವರ ತಂಡ: ಆರ್ಗನ್, ಡ್ರಮ್ಸ್, ಜೊತೆಗೆ ಗಿಟಾರ್ ಅಥವಾ ಸ್ಯಾಕ್ಸೋಫೋನ್. ನಾಲ್ಕನೆಯವನ ಕೆಲಸವನ್ನೂ ಆರ್ಗನ್ ನುಡಿಸುವವನೇ ಮಾಡುತ್ತಾನೆ. ಈ ಆಲ್ಬಮ್‌ನಲ್ಲಿ ಬರೆಲ್ ಎಲ್ಲ ಹಾಡುಗಳಲ್ಲೂ ಇಲ್ಲ. ‘ಮೈನರ್ ಚಾಂಟ್’ನಲ್ಲಿ ಇರುವುದು ಮೂವರೇ. ಬರೆಲ್ ಬಂದಾಗ ನಾಲ್ವರಾಗುತ್ತಾರೆ, ಆದರೂ ಅದು ಅದೇ ಜಾತಿಯ ಸಂಗೀತ. ಹಾಗಾಗಿ ತಲೆ ಎಣಿಸುತ್ತಾ ಕೂರಬೇಡಿ, ಬಾಸ್ ಯಾರದು ಅಂತ ಕೇಳಿ.

ಆರ್ಗನ್ ಅಂದರೆ ಇಲ್ಲಿ ಹ್ಯಾಮಂಡ್ ಬಿ-3 ಎಂಬ ವಿದ್ಯುತ್ ಕೀಬೋರ್ಡ್ ವಾದ್ಯ. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ನೆನಪಿದೆ ಅಲ್ವಾ? ಅಲ್ಲಿ ಕಾಲು ತುಳಿಯುವುದು ಗಾಳಿಗಾಗಿ. ಹ್ಯಾಮಂಡ್‌ನಲ್ಲಿ ಗಾಳಿಯೇ ಇಲ್ಲ. ಕಾಲಿನ ಕೆಳಗಿರುವ 25 ಪೆಡಲ್‌ಗಳೂ ಸ್ವರದ ಮನೆಗಳೇ. ಮೇಲೆ ಕೈಗೆ ಎರಡು ಸಾಲು ಕೀಗಳು. ಒಳಗೆ ಮೋಟಾರು ತಿರುಗಿಸುವ 91 ಪುಟ್ಟ ಲೋಹದ ಚಕ್ರಗಳು. ಚಕ್ರದ ಹಲ್ಲುಗಳು ಅಯಸ್ಕಾಂತದ ಮುಂದೆ ಸುತ್ತಿದಾಗ ಹುಟ್ಟುವ ವಿದ್ಯುತ್ತೇ ಸ್ವರ. ಆ ಸ್ವರಕ್ಕೆ ಬಣ್ಣ ಕೊಡಲು ಎಳೆದು ತಳ್ಳುವ ಡ್ರಾಬಾರ್‌ಗಳಿವೆ. ಆಮೇಲೆ ಲೆಸ್ಲಿ ಸ್ಪೀಕರ್ ಎಂಬ ಮರದ ಪೆಟ್ಟಿಗೆಯೊಳಗೆ ಆ ಸದ್ದನ್ನೇ ಗಿರಗಿರ ಸುತ್ತಿಸಿ ಹೊರಗೆ ಬಿಡುತ್ತಾರೆ. ಕೀ ಒತ್ತಿದಾಗ ‘ಟಿಕ್’ ಎಂದು ಒಂದು ಚಿಕ್ಕ ಸದ್ದು ಬರುತ್ತದೆ. ಅದು ಯಂತ್ರದ ದೋಷ. ಜಾಝ್‌ನವರಿಗೆ ಮಾತ್ರ ಅದೇ ರುಚಿಯಾಯಿತು!

ಸ್ಮಿತ್ ಹೆಚ್ಚಾಗಿ ಬಾಸ್ ಸಾಲನ್ನು ಎಡಗೈಯಲ್ಲೇ ನುಡಿಸುತ್ತಿದ್ದರು. ಕಾಲಿನಿಂದ ಪೆಡಲನ್ನು ಸುಮ್ನೆ ತಟ್ಟಿ ಆ ಸ್ವರಕ್ಕೊಂದು ಪೆಟ್ಟು ಕೊಡುತ್ತಿದ್ದರು. ತಂತಿ ಮೀಟಿದ ಹಾಗೆ ಕೇಳಿಸುವುದು ಅದಕ್ಕೇ. ಬಲಗೈ ಅಷ್ಟರಲ್ಲಿ ತನ್ನ ಪಾಡಿಗೆ ತಾನು ಹಾಡುತ್ತಿರುತ್ತದೆ. ಒಬ್ಬನೇ ಮನುಷ್ಯನ ಎರಡು ಕೈಗೂ ಹೀಗೆ ಬೇರೆ ಬೇರೆ ಬುದ್ಧಿ ಇರುವುದು ನನಗೆ ಇವತ್ತಿಗೂ ಸೋಜಿಗ.

ಪೈಪ್ ಆರ್ಗನ್ ಕೊಳ್ಳಲಾಗದ ಅಮೆರಿಕದ ಚರ್ಚುಗಳು ಹ್ಯಾಮಂಡ್ ತರಿಸಿಕೊಂಡವು. ಕಪ್ಪು ಜನರ ಚರ್ಚುಗಳಲ್ಲಿ ಅದು ಗಾಸ್ಪೆಲ್ ಎಂಬ ಭಕ್ತಿಗೀತೆಗಳ ದನಿಯೇ ಆಯಿತು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕೇಳಿದ ದನಿ ಶನಿವಾರ ರಾತ್ರಿ ಬಾರಿನಲ್ಲೂ ಸಿಕ್ಕರೆ ಹೇಗಿರುತ್ತದೆ? ಅದೇ ಸೋಲ್ ಜಾಝ್. ಬ್ಲೂಸ್, ಗಾಸ್ಪೆಲ್, ಜಾಝ್ ಮೂರೂ ಕಲೆತದ್ದು, ಕಾಲು ಕುಣಿಸುವಂಥದ್ದು. ಪಿಯಾನೋ ನುಡಿಸುತ್ತಿದ್ದ ಸ್ಮಿತ್, ವೈಲ್ಡ್ ಬಿಲ್ ಡೇವಿಸ್ ನುಡಿಸಿದ್ದನ್ನು ಕೇಳಿ ಆರ್ಗನ್‌ಗೆ ಬಂದವರು. 1956ರಲ್ಲಿ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗೆ ಮೊದಲ ಆಲ್ಬಮ್ ಮಾಡಿದರು.

‘ಚಿಕನ್ ಶ್ಯಾಕ್’ ರೆಕಾರ್ಡ್ ಆದದ್ದು 1960ರ ಏಪ್ರಿಲ್ 25ರಂದು, ನ್ಯೂಜೆರ್ಸಿಯಲ್ಲಿ ರೂಡಿ ವಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ. ‘ಮಿಡ್‌ನೈಟ್ ಸ್ಪೆಷಲ್’ ಎಂಬ ಇನ್ನೊಂದು ಆಲ್ಬಮ್ ಕೂಡ ಅದೇ ದಿನದ ಫಸಲು. ‘ಚಿಕನ್ ಶ್ಯಾಕ್’ ಮಾತ್ರ 1963ರವರೆಗೆ ಕಾಯಬೇಕಾಯಿತು. ಶುರುವಿನ ಹಾಡಿನಲ್ಲಿ ಯಾರಿಗೂ ಅವಸರವಿಲ್ಲ. ಮೊದಲ ಸಲ ಟರೆಂಟೈನ್‌ಗಾಗಿ ಕೇಳಿ, ಎರಡನೇ ಸಲ ಬರೀ ಕೆಳಗಿನ ಸ್ವರಗಳನ್ನು ಹಿಡಿದು ಹೋಗಿ.

ಸಣ್ಣ ಬಾರುಗಳಿಗೂ ಈ ತಂಡಗಳು ಇಷ್ಟವಾದವು. ಮೂವರಿಗೆ ಸಂಬಳ ಕೊಟ್ಟರೆ ಇಡೀ ಬ್ಯಾಂಡಿನ ಸದ್ದು. ಬಾಸ್‌ನವನ ಸಂಬಳ ಉಳಿತಾಯ. ಆದರೆ ಬೆಂಚು, ಪೆಡಲು ಸೇರಿ ಬಿ-3 ಸುಮಾರು 190 ಕಿಲೋ ತೂಗುತ್ತದೆ. ಅದನ್ನು ಮೆಟ್ಟಿಲು ಹತ್ತಿಸುವಾಗ ಆ ನಾಲ್ಕನೆಯವನು ಖಂಡಿತ ನೆನಪಾಗಿರಬೇಕು.