ವಾಲ್ಟರ್ ಮರ್ಫಿ: ಅನಿಮೇಷನ್ ಸರಣಿ ಮತ್ತು ಹಾಸ್ಯಚಿತ್ರಗಳ ಸಂಗೀತ

ಹಾಸ್ಯಕ್ಕೆ ಸಂಗೀತ ಬರೆಯುವವರಿಗೆ ನಗಿಸುವ ಕೌಶಲಕ್ಕಿಂತ ಮೊದಲು ಬಗೆಬಗೆಯ ಶೈಲಿಗಳ ಮೇಲೆ ಹಿಡಿತವಿರಬೇಕು ಎಂಬುದಕ್ಕೆ ಅಮೆರಿಕದ ವಾಲ್ಟರ್ ಮರ್ಫಿಯವರ ವೃತ್ತಿಜೀವನ ಒಳ್ಳೆಯ ನಿದರ್ಶನ. 1952ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಕಲಿತ ಅವರು, ಜಾಹೀರಾತುಗಳಿಗೆ ಸಂಗೀತ ಒದಗಿಸುತ್ತಿದ್ದ ಕಾಲದಲ್ಲಿ ಬೀಥೋವನ್‌ನ ಐದನೆಯ ಸಿಂಫನಿಯ (ವಾದ್ಯವೃಂದದ ದೀರ್ಘ ಕೃತಿ) ಮೊದಲ ಭಾಗವನ್ನು ಕುಣಿತದ ಡಿಸ್ಕೋ ಶೈಲಿಗೆ ಒಗ್ಗಿಸಿದರು. 'ಎ ಫಿಫ್ತ್ ಆಫ್ ಬೀಥೋವನ್' ಎಂಬ ಆ ಕೃತಿ 1976ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಇದನ್ನು ಕೇವಲ ಅದೃಷ್ಟದ ಹಿಟ್ ಎಂದು ಬದಿಗಿಡುವುದು ಸರಿಯಲ್ಲ; ಮೂಲದ ಗುರುತು ಅಳಿಯದಂತೆ ವೇಷ ಬದಲಿಸುವ ಇದೇ ಕೆಲಸವನ್ನು 1999ರಲ್ಲಿ ಆರಂಭವಾದ 'ಫ್ಯಾಮಿಲಿ ಗೈ' ಎಂಬ ಹಾಸ್ಯದ ಅನಿಮೇಷನ್ ಸರಣಿ ಅವರಿಂದ ಮತ್ತೆ ಮತ್ತೆ ಬೇಡಿತು.

ಅನಿಮೇಷನ್‌ನಲ್ಲಿ ಹಾಡು ಮತ್ತು ಹಿನ್ನೆಲೆ ಸಂಗೀತ ಸಿದ್ಧವಾಗುವ ಹೊತ್ತೇ ಬೇರೆ ಬೇರೆ. ಪಾತ್ರದ ತುಟಿಚಲನೆ ಹಾಡಿಗೆ ಹೊಂದಬೇಕಾದ್ದರಿಂದ ಚಿತ್ರ ಬರೆಯುವ ಮೊದಲೇ ಹಾಡು ಧ್ವನಿಮುದ್ರಣಗೊಳ್ಳುತ್ತದೆ. ಹಿನ್ನೆಲೆ ಸಂಗೀತವನ್ನಾದರೋ ಸಂಕಲನ ಮುಗಿದ ದೃಶ್ಯಕ್ಕೆ ಫ್ರೇಮ್ (ದೃಶ್ಯವನ್ನು ರೂಪಿಸುವ ಒಂದೊಂದು ಬಿಡಿಚಿತ್ರ) ಲೆಕ್ಕ ಹಾಕಿ ಬರೆಯಲಾಗುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಸೆಕೆಂಡಿಗೆ 24 ಫ್ರೇಮ್‌ಗಳಿದ್ದು, ಸಂಗೀತದ ಗತಿ ನಿಮಿಷಕ್ಕೆ 120 ಬೀಟ್ (ತಾಳದ ಬಡಿತ) ಇದ್ದರೆ, ಒಂದು ಬೀಟ್‌ಗೆ 12 ಫ್ರೇಮ್. ದೃಶ್ಯ ತೊಡಗಿದ 108 ಫ್ರೇಮ್‌ಗಳ ನಂತರ ಪಾತ್ರವೊಂದು ಮುಗ್ಗರಿಸಿ ಬೀಳುವುದಾದರೆ ದೃಶ್ಯದ ಆರಂಭವೇ ಮೊದಲ ಬೀಟ್ ಆದ್ದರಿಂದ ಆ ಏಟು ಸರಿಯಾಗಿ ಹತ್ತನೆಯ ಬೀಟ್‌ನ ಮೇಲೆ ಕೂರುತ್ತದೆ. ಸಂಕಲನಕಾರ ಅದಕ್ಕೂ ಮುಂಚಿನ ಆರು ಫ್ರೇಮ್ ಕತ್ತರಿಸಿದನೆಂದರೆ ಬೀಳುವ ಕ್ಷಣ ಅರ್ಧ ಬೀಟ್ ಮೊದಲೇ ಬಂದುಬಿಡುತ್ತದೆ. ಆಗ ಗತಿಯನ್ನು ಸುಮಾರು 127ಕ್ಕೆ ಏರಿಸಬೇಕು, ಇಲ್ಲವೇ ಸ್ವರಗುಚ್ಛವನ್ನೇ ಹೊಸದಾಗಿ ಬರೆಯಬೇಕು. ಕಾಲು ಸೆಕೆಂಡಿಗಾಗಿ ಇಷ್ಟು ಪಾಡೇ ಎನ್ನಿಸಬಹುದು, ಆದರೆ ನಗು ನಿಂತಿರುವುದು ಆ ಕಾಲು ಸೆಕೆಂಡಿನ ಮೇಲೆಯೇ.

ಹಾಗೆಂದು ಪ್ರತಿ ಚಲನೆಯನ್ನೂ ವಾದ್ಯದಿಂದ ಹಿಂಬಾಲಿಸಿದರೆ ಪ್ರೇಕ್ಷಕನ ಪಕ್ಕೆಗೆ ತಿವಿದು ನಗು ಎಂದಂತಾಗುತ್ತದೆ. 1978ರ 'ಅನಿಮಲ್ ಹೌಸ್' ಹಾಸ್ಯಚಿತ್ರಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಗಂಭೀರ ನಾಟಕಕ್ಕೆಂಬಂತೆ ಸಂಗೀತ ಬರೆದದ್ದು ಈ ಕಾರಣಕ್ಕೇ: ತೆರೆಯ ಮೇಲಿನ ಅಧ್ವಾನಕ್ಕೂ ವಾದ್ಯವೃಂದದ ಗಾಂಭೀರ್ಯಕ್ಕೂ ನಡುವಿನ ಅಂತರದಲ್ಲೇ ಹಾಸ್ಯ ಹುಟ್ಟುತ್ತದೆ. ಮರ್ಫಿಯವರದೂ ಇದೇ ದಾರಿ. 'ಫ್ಯಾಮಿಲಿ ಗೈ'ನ 'ಯೂ ಹ್ಯಾವ್ ಗಾಟ್ ಎ ಲಾಟ್ ಟು ಸೀ' ಗೀತೆ, ಸಾಹಿತ್ಯ ಎಷ್ಟೇ ಕುಚೋದ್ಯದ್ದಾದರೂ, ಸಂಗೀತದ ಮಟ್ಟಿಗೆ ಅಚ್ಚುಕಟ್ಟಾದ ರಂಗಗೀತೆ. 2002ರಲ್ಲಿ ಅದಕ್ಕೆ ಅಮೆರಿಕದ ಟಿವಿ ರಂಗದ ಎಮಿ ಪ್ರಶಸ್ತಿ ಸಂದಿತು. ಸರಣಿಯ ಸೃಷ್ಟಿಕರ್ತ ಸೆತ್ ಮ್ಯಾಕ್‌ಫಾರ್ಲೇನ್ 2012ರಲ್ಲಿ ಬಾಯಿಬಡುಕ ಆಟಿಕೆ ಕರಡಿಯ ಕಥೆಯಾದ 'ಟೆಡ್' ನಿರ್ದೇಶಿಸಿದಾಗಲೂ ಮರ್ಫಿ ಅದಕ್ಕೆ ಹಳೆಯ ಸ್ವಿಂಗ್ ಜಾಝ್ ಶೈಲಿಯ ಗೀತೆಯೊಂದನ್ನು ಯಾವ ತಮಾಷೆಯೂ ಇಲ್ಲದೆ ಸಂಯೋಜಿಸಿದರು. ನೋರಾ ಜೋನ್ಸ್ ಹಾಡಿದ ಆ ಗೀತೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು.