ಅಕ್ಕನ ವಚನ ಓದಿದರೆ ನಂಬಿಕೆ ಬದಲಾಗುತ್ತದೆಯೇ?

ಓದುಗರ ಪ್ರಶ್ನೆ: ಅಕ್ಕಮಹಾದೇವಿಯ ವಚನಗಳನ್ನು ಓದಿದರೆ ದೇವರ ಬಗ್ಗೆ, ಪ್ರೀತಿಯ ಬಗ್ಗೆ ನಮಗಿರುವ ನಂಬಿಕೆ ನಿಜಕ್ಕೂ ಬದಲಾಗುತ್ತದೆಯೇ? ಆಗುವುದಾದರೆ ಹೇಗೆ ಓದಬೇಕು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಬದಲಾಗುತ್ತದೆ, ಆದರೆ ನೀವು ಕಾಯುತ್ತಿರುವ ಜಾಗದಲ್ಲಿ ಅಲ್ಲ. ದೇವರಿದ್ದಾನೋ ಇಲ್ಲವೋ ಎಂಬ ದೊಡ್ಡ ನಂಬಿಕೆಯನ್ನು ಒಂದು ವಚನ ಅಲುಗಾಡಿಸುವುದು ಬಲು ಅಪರೂಪ. ಅಲುಗಾಡುವುದು ಅದರ ಸುತ್ತ ಇರುವ, ನಂಬಿಕೆ ಎಂದು ನಾವು ಗುರುತಿಸದೆಯೇ ಇಟ್ಟುಕೊಂಡ ಸಣ್ಣ ಸಣ್ಣ ಲೆಕ್ಕಗಳು. ದೇವರು ನನಗೆ ಏನು ಕೊಡಬೇಕು? ನಾನು ಪ್ರೀತಿಸಿದವರ ಮೇಲೆ ನನಗೆಷ್ಟು ಹಕ್ಕು? ಪ್ರೀತಿ ಸಾಲವೋ, ಕೊಡುಗೆಯೋ?

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಒಂದು ವಚನ ತೆಗೆದುಕೊಳ್ಳಿ: “ಅಯ್ಯಾ, ನೀನು ಕೇಳಿದಡೆ ಕೇಳು, ಕೇಳದಡೆ ಮಾಣು, ನಾ ನಿನ್ನ ಹಾಡಿದಲ್ಲದೆ ಸೈರಿಸಲಾರೆನಯ್ಯಾ.” ಮಾಣು ಅಂದರೆ ಬಿಡು. ಇದೇ ಅಚ್ಚಿನಲ್ಲಿ ಮುಂದಿನ ಸಾಲುಗಳೂ ನಡೆಯುತ್ತವೆ. ನೋಡಿದರೆ ನೋಡು, ಮೆಚ್ಚಿದರೆ ಮೆಚ್ಚು, ಒಲಿದರೆ ಒಲಿ, ಇಲ್ಲದಿದ್ದರೆ ಬಿಡು. ಅವನ ಕಡೆ ನಾಲ್ಕು ಕ್ರಿಯೆಗಳಿವೆ, ನಾಲ್ಕೂ ಐಚ್ಛಿಕ. ಇವಳ ಕಡೆ ಹಾಡುವುದು, ನೋಡುವುದು, ಅಪ್ಪುವುದು, ಪೂಜಿಸುವುದು. ಇವು ನಾಲ್ಕೂ ತಡೆಯಲಾಗದವು. ಇದರ ಪಕ್ಕದಲ್ಲಿ ನಮ್ಮ ಮನೆಗಳ ಹರಕೆಯನ್ನು ಇಟ್ಟು ನೋಡಿ: ಕೆಲಸ ಸಿಕ್ಕರೆ ಮುಡಿ ಕೊಡುತ್ತೇನೆ, ಮಗುವಾದರೆ ತೊಟ್ಟಿಲು ಒಪ್ಪಿಸುತ್ತೇನೆ. ಷರತ್ತು ಅಲ್ಲೂ ಇದೆ, ಇಲ್ಲೂ ಇದೆ. ಹರಕೆಯಲ್ಲಿ ದೇವರು ತನ್ನ ಪಾಲು ಸಲ್ಲಿಸದಿದ್ದರೆ ನಮ್ಮ ಪಾಲೂ ನಿಂತುಹೋಗುತ್ತದೆ. ವಚನದಲ್ಲಿ ಅವನು ಏನೂ ಮಾಡದಿದ್ದರೂ ಇವಳ ಪಾಲು ನಿಲ್ಲುವುದಿಲ್ಲ. ಹರಕೆ ತಪ್ಪು ಎಂದು ಅಕ್ಕ ಎಲ್ಲಿಯೂ ಉಪದೇಶ ಮಾಡಿಲ್ಲ. ಓದಿದವರು ಮುಂದಿನ ಸಲ ದೇವಸ್ಥಾನದಲ್ಲಿ ಕೈಮುಗಿದು ನಿಂತಾಗ, ತಾವು ಕೇಳುತ್ತಿರುವುದು ತಮ್ಮ ಕಿವಿಗೇ ಬೀಳುತ್ತದೆ, ಅಷ್ಟೆ. ನಂಬಿಕೆಯ ಬದಲಾವಣೆ ಹೆಚ್ಚಿನ ಪಾಲು ಹೀಗೆಯೇ ಶುರುವಾಗುವುದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದೇ ಸಾಲನ್ನು ಹಿಡಿದುಕೊಂಡು, “ಅವಳು ಒಲಿಯದಿದ್ದರೂ ನಾನು ಬಿಡುವುದಿಲ್ಲ” ಎಂದು ಬೇಡವೆಂದವಳ ಹಿಂದೆ ಸುತ್ತುವ ಹುಡುಗರಿದ್ದಾರೆ. ಅಕ್ಕನ ಕಥೆಯಲ್ಲಿ ಬೇಡ ಎಂದರೂ ಕೇಳದೆ ಹಿಂದೆ ಬಿದ್ದ ಅರಸನ ಹೆಸರು ಕೌಶಿಕ. ಅಂಥವರು ಬಾಯಲ್ಲಿ ಅಕ್ಕನ ಮಾತು ಆಡುತ್ತ ಕೌಶಿಕನ ಜಾಗದಲ್ಲಿ ನಿಂತಿರುತ್ತಾರೆ.

ಇನ್ನು ಎಷ್ಟು ಹೊಡೆದರೂ ಸಾಯದ ಆ ತಪ್ಪು ಕಲ್ಪನೆಗೆ ಬರುತ್ತೇನೆ. ಅದು ಹೀಗಿದೆ: “ಇದೆಲ್ಲ ಬರೀ ರೂಪಕ. ಗಂಡ ಅಂದರೆ ಪರಮಾತ್ಮ, ಹೆಂಡತಿ ಅಂದರೆ ಜೀವಾತ್ಮ. ಪ್ರೀತಿಯ ಮಾತನ್ನು ಬಿಡಿಸಿ ಒಳಗಿನ ತತ್ವ ತೆಗೆದುಕೊಂಡರೆ ಮುಗಿಯಿತು.” ಗೈಡುಗಳಲ್ಲಿ ಇದೇ ಇದೆ, ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರೆಯುವುದೂ ಇದನ್ನೇ, ಪ್ರವಚನಗಳಲ್ಲಿ ಕೇಳುವುದೂ ಇದನ್ನೇ. ಮಕ್ಕಳು ಕೂತಿರುವಾಗ ಒಲವು, ಅಪ್ಪುಗೆ ಎಂದೆಲ್ಲ ವಿವರಿಸುವ ಮುಜುಗರವೂ ಇದರಿಂದ ತಪ್ಪುತ್ತದೆ. ಈ ಕಲ್ಪನೆಗೆ ಇಷ್ಟು ಆಯಸ್ಸು ಬಂದಿರುವುದಕ್ಕೆ ಆ ಮುಜುಗರವೇ ಮುಖ್ಯ ಕಾರಣ ಎಂದು ನನ್ನ ಗುಮಾನಿ.

ಮೊದಲು ಇದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಕೊಟ್ಟುಬಿಡೋಣ. ಶರಣ ಸತಿ, ಲಿಂಗ ಪತಿ ಎಂಬ ಭಾವ ವಚನಕಾರರಲ್ಲಿ ಇದ್ದದ್ದು ಹೌದು. ಉರಿಲಿಂಗದೇವ, ಗಜೇಶ ಮಸಣಯ್ಯ ಮುಂತಾದ ಗಂಡಸರೂ ಹೆಂಡತಿಯ ದನಿಯಲ್ಲಿ ವಚನ ಹೇಳಿದ್ದಾರೆ. ಆದರೆ ಆ ಭಾವವನ್ನು ಅವರು ಆರಿಸಿಕೊಂಡದ್ದೇ ಪ್ರೀತಿಗೆ ಒಂದು ಅನುಭವದ ತೂಕ ಇರುವುದರಿಂದ. ಆ ತೂಕವನ್ನು ಇಳಿಸಿಬಿಟ್ಟರೆ ಆರಿಸಿಕೊಂಡದ್ದಕ್ಕೆ ಅರ್ಥವೇ ಇರುವುದಿಲ್ಲ.

ಈಗ ಆ ಕನಸಿನ ವಚನವನ್ನು ನೋಡಿ. “ಅಕ್ಕ ಕೇಳೌ, ನಾನೊಂದು ಕನಸ ಕಂಡೆ. ಅಕ್ಕಿ ಅಡಕೆ ಓಲೆ ತೆಂಗಿನಕಾಯ ಕಂಡೆ.” ಆಮೇಲೆ ಚಿಕ್ಕ ಚಿಕ್ಕ ಜಡೆಗಳ ಗೊರವನೊಬ್ಬ ಭಿಕ್ಷೆಗೆಂದು ಮನೆಗೆ ಬರುತ್ತಾನೆ, ಮೀರಿ ಹೊರಟುಹೋಗುತ್ತಾನೆ, ಇವಳು ಬೆನ್ನಟ್ಟಿ ಹೋಗಿ ಕೈಹಿಡಿಯುತ್ತಾಳೆ, ಎಚ್ಚರವಾಗುತ್ತದೆ. ಜೀವಾತ್ಮಕ್ಕೆ ಅಡಕೆಯಿಂದ ಏನಾಗಬೇಕಿದೆ? ಅಕ್ಕಿಗೊಂದು ತತ್ವ, ತೆಂಗಿನಕಾಯಿಗೊಂದು ತತ್ವ ಹಂಚುವುದು ಕಷ್ಟವೇನಲ್ಲ, ಹಂಚಿದವರೂ ಇದ್ದಾರೆ. ಹಂಚಿ ಮುಗಿದ ಮೇಲೆ ಉಳಿಯುವುದು ಒಂದು ಪಟ್ಟಿ. ಕಳೆದುಹೋಗುವುದು ಏನೆಂದರೆ, ಮದುವೆಯ ಸಾಮಾನು ಕಂಡ ಹುಡುಗಿಯ ಎದೆ ಹಾರುವುದು, ಬೈರಾಗಿಯೊಬ್ಬನನ್ನು ಕಂಡು ಇವನೇ ಎನಿಸುವುದು, ಅವನು ತಿರುಗಿ ನೋಡದೆ ಹೊರಟಾಗಿನ ದಿಗಿಲು. ದೇವರು ತಾನಾಗಿ ಬಂದು ಕೂರುವವನಲ್ಲ, ಹೋಗುತ್ತಿರುವವನನ್ನು ಓಡಿ ಹಿಡಿಯಬೇಕು ಎಂಬ ಹೊಸ ಮಾತು ಈ ವಚನದಲ್ಲಿ ಇರುವುದಾದರೆ, ಅದು ಇರುವುದು ಆ ದಿಗಿಲಿನಲ್ಲಿಯೇ.

ಇನ್ನೊಂದು: “ಕೂಡಿ ಕೂಡುವ ಸುಖದಿಂದ ಒಪ್ಪಚ್ಚಿ ಅಗಲಿ ಕೂಡುವ ಸುಖ ಲೇಸು ಕೆಳದಿ.” ಸದಾ ಜೊತೆಗಿರುವ ಸುಖಕ್ಕಿಂತ ತುಸು ಅಗಲಿ ಮತ್ತೆ ಸೇರುವ ಸುಖ ಹೆಚ್ಚು ಎಂದು ಗೆಳತಿಗೆ ಹೇಳುತ್ತಿದ್ದಾಳೆ, ಹೇಳಿದವಳೇ ಮುಂದಿನ ಉಸಿರಿನಲ್ಲಿ ಕ್ಷಣ ಅಗಲಿದರೂ ತಾಳಲಾರೆ ಎನ್ನುತ್ತಾಳೆ. ಇದು ಯಾವ ಸಿದ್ಧಾಂತಕ್ಕೂ ಬೇಕಾದ ಮಾತಲ್ಲ. ಗಂಡ ದುಬೈಯಲ್ಲೋ ಗಡಿಯಲ್ಲೋ ಇರುವ ಹೆಂಗಸಿಗೆ ಟಿಪ್ಪಣಿ ಇಲ್ಲದೆಯೇ ತಿಳಿಯುತ್ತದೆ. ತಿಳಿದ ಮೇಲೆ, ದೇವರು ದೂರವಾದಂತೆ ಅನಿಸುವ ದಿನಗಳನ್ನು ಅವಳು ಬೇರೆ ರೀತಿಯಲ್ಲಿ ಓದಬಲ್ಲಳು: ಅದು ಶಿಕ್ಷೆಯಲ್ಲ, ನಂಬಿಕೆ ಕೆಟ್ಟದ್ದೂ ಅಲ್ಲ, ಒಪ್ಪಚ್ಚಿ ಅಗಲಿಕೆ. ಅನುಭವದಿಂದ ನಂಬಿಕೆಗೆ ದಾರಿ ಹೋಗುವುದು ಹೀಗೆ. ರೂಪಕವೆಂದು ಮೊದಲೇ ಬಿಡಿಸಿಬಿಟ್ಟವರಿಗೆ ಈ ದಾರಿಯೇ ಇಲ್ಲ.

ಮೂರನೆಯ ಸಾಕ್ಷಿ ಶೂನ್ಯಸಂಪಾದನೆಯದು, ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಗ್ರಂಥ ಅದು. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕೇಳುವುದು ತತ್ವದ ಪ್ರಶ್ನೆಯನ್ನಲ್ಲ. ಯೌವನದ ಹೆಂಗಸು ನೀನು, ಇಲ್ಲಿಗೇಕೆ ಬಂದೆ, ನಿನ್ನ ಪತಿಯ ಕುರುಹು ಹೇಳಿದರೆ ಬಂದು ಕೂರು, ಇಲ್ಲವಾದರೆ ಹೊರಡು ಎನ್ನುತ್ತಾನೆ. ಸೀರೆ ಬಿಟ್ಟವಳು ಕೂದಲಿನಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದೂ ಕೆಣಕುತ್ತಾನೆ. ಹಣ್ಣು ಒಳಗೆ ಪಕ್ವವಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡದು, ಮುಚ್ಚಿಕೊಂಡದ್ದು ನಿಮಗೆ ನೋವಾದೀತೆಂದು ಎಂಬುದು ಅವಳ ಉತ್ತರ. ದೇಹವೂ ಗಂಡನೂ ಬರೀ ಸಂಕೇತ ಎಂದು ಆ ಸಭೆ ತಿಳಿದಿದ್ದರೆ ಇಷ್ಟು ಒರಟಾಗಿ ಪರೀಕ್ಷಿಸುವ ಅಗತ್ಯವೇ ಇರುತ್ತಿರಲಿಲ್ಲ. ಅವಳ ಮಾತನ್ನು ನಿಜವಾದ ಹಕ್ಕಿನ ಮಾತು ಎಂದು ತೆಗೆದುಕೊಂಡದ್ದರಿಂದಲೇ ಸಾಕ್ಷ್ಯ ಕೇಳಿದ್ದು.

“ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ” ಎಂಬಲ್ಲಿ ಒಲೆಗೆ ಹೋಗುವ ಗಂಡ ಯಾವ ತತ್ವದ ರೂಪಕ ಎಂದು ಯಾರಾದರೂ ಹೇಳಿದರೆ ಕೇಳಲು ಸಿದ್ಧ.

ರೂಪಕವಾದಿಗಳ ಜೊತೆ ನನ್ನ ಜಗಳ ಕಾವ್ಯಪ್ರೀತಿಗಾಗಿ ಮಾತ್ರವಲ್ಲ. ಬಿಡಿಸಿದ ಮೇಲೆ ಕೈಗೆ ಬರುವ ವಾಕ್ಯ ಯಾವುದು? ಜೀವ ಪರಮಾತ್ಮನನ್ನು ಸೇರಬೇಕು. ಇದನ್ನು ನೀವು ಐದನೇ ಕ್ಲಾಸಿನಿಂದ ಕೇಳುತ್ತಿದ್ದೀರಿ. ಮೊದಲೇ ಒಪ್ಪಿದ್ದನ್ನು ಮತ್ತೆ ಒಪ್ಪಿದರೆ ನಂಬಿಕೆ ಎಲ್ಲಿಂದ ಬದಲಾಗಬೇಕು? “ಇಷ್ಟು ವರ್ಷ ಓದಿದೆ, ಏನೂ ಆಗಲಿಲ್ಲ” ಎನ್ನುವವರನ್ನು ಸ್ವಲ್ಪ ಕೆದಕಿದರೆ, ಅವರು ಓದಿದ್ದು ವಚನವನ್ನಲ್ಲ, ಅದರ ಕೆಳಗಿನ ತಾತ್ಪರ್ಯವನ್ನು ಎಂದು ಗೊತ್ತಾಗುತ್ತದೆ. ದೇವರನ್ನು ತೆಗೆದುಹಾಕಿ ಇದು ಬರೀ ಹೆಣ್ಣಿನ ಬಯಕೆಯ ಕಾವ್ಯ ಎನ್ನುವವರು ಇದೇ ತಪ್ಪನ್ನು ಇನ್ನೊಂದು ತುದಿಯಿಂದ ಮಾಡುತ್ತಾರೆ. ಅವರಿಗೂ ಸಿಗುವುದು ಮೊದಲೇ ಒಪ್ಪಿದ್ದೇ.

ಹಾಗಾದರೆ ಹೇಗೆ ಓದಬೇಕು? ದಿನಕ್ಕೊಂದು ವಚನ ಸಾಕು. ಅಕ್ಕನ ಹೆಸರಿನಲ್ಲಿ ನಾನೂರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಒಂದೇ ಕೂರಿನಲ್ಲಿ ಇಪ್ಪತ್ತು ಓದಿದರೆ, ಅಚ್ಚು ಮರುಕಳಿಸುವುದರಿಂದ ಕಿವಿ ಜಡವಾಗಿ ಹತ್ತನೆಯದಕ್ಕೇ ಏನೂ ತಾಗದಂತಾಗುತ್ತದೆ. ಮೂರು ಸಲ ಗಟ್ಟಿಯಾಗಿ ಓದಿ. ಮೊದಲ ಸಲ ಅರ್ಥದ ಗೊಡವೆ ಬೇಡ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಗಮನಿಸಿ. ಎರಡನೆಯ ಸಲಕ್ಕೆ ಮುಂಚೆ ತಿಳಿಯದ ಪದಗಳ ಅರ್ಥವನ್ನು ಅಂಚಿನಲ್ಲಿ ಬರೆದುಕೊಳ್ಳಿ: ರೂಹು ರೂಪ, ತೆರಹು ಎಡೆ, ಒಪ್ಪಚ್ಚಿ ತುಸು, ಗೊರವ ಶೈವ ಭಿಕ್ಷು. ಮೂರನೆಯ ಸಲ ಯಾರಿಗೆ ಹೇಳುತ್ತಿದ್ದಾಳೆ ಎಂದು ನೋಡಿ. ಅಯ್ಯಾ ಎಂದರೆ ಅವನಿಗೆ. ಅವ್ವಗಳಿರಾ, ಕೆಳದಿ, ತಾಯೆ ಎಂದರೆ ಸುತ್ತಲಿನ ಹೆಂಗಸರಿಗೆ. ಕೆಲವೊಮ್ಮೆ ಗಿಳಿ ಕೋಗಿಲೆಗಳಿಗೆ. ಅವನಿಗೆ ಹೇಳುವಾಗಿನ ಅಕ್ಕ ಬೇರೆ, ಅವನ ಬಗ್ಗೆ ಗೆಳತಿಯರಿಗೆ ಹೇಳುವಾಗಿನ ಅಕ್ಕ ಬೇರೆ. ತಾತ್ಪರ್ಯವನ್ನು ಮಾರನೆಯ ದಿನದವರೆಗೂ ನೋಡಬೇಡಿ.

ಬದಲಾವಣೆ ಆಗಿದೆಯೇ ಎಂದು ತಿಳಿಯಬೇಕೆನ್ನುವವರಿಗೆ ಒಂದು ಉಪಾಯ. ಶುರು ಮಾಡುವ ಮುಂಚೆ ಒಂದು ಚೀಟಿಯಲ್ಲಿ “ದೇವರಿಂದ ನಾನು ಬಯಸುವುದು ಏನು” ಎಂಬುದಕ್ಕೆ ಒಂದೇ ವಾಕ್ಯದ ಉತ್ತರ ಬರೆದು ಮಡಚಿಡಿ. ತಿಂಗಳಾದ ಮೇಲೆ ಆ ಚೀಟಿ ನೋಡದೆ ಮತ್ತೊಂದು ಬರೆದು ಎರಡನ್ನೂ ಹೋಲಿಸಿ. ಬಹಳ ಸಲ ಉತ್ತರ ಅದೇ ಇರುತ್ತದೆ, ಬರೆಯುವಾಗಿನ ಅಳುಕು ಮಾತ್ರ ಹೊಸದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾಸ್ತಿಕರು “ದೇವರಿಂದ” ಎಂಬಲ್ಲಿ ತಮಗೆ ತೀರಾ ಬೇಕಾದವರ ಹೆಸರು ಹಾಕಿಕೊಳ್ಳಬಹುದು.

ಪಠ್ಯದ ವಿಷಯದಲ್ಲಿ ದಯವಿಟ್ಟು ವಾಟ್ಸಾಪ್ ಚಿತ್ರಗಳನ್ನು ನಂಬಬೇಡಿ. ಅಂಕಿತ ಇಲ್ಲದ ವಚನ ಸಹಿ ಇಲ್ಲದ ಚೆಕ್ಕಿನ ಹಾಗೆ. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಇದ್ದರೆ ಅಕ್ಕ, ಕೂಡಲಸಂಗಮದೇವ ಇದ್ದರೆ ಬಸವಣ್ಣ, ಗುಹೇಶ್ವರ ಇದ್ದರೆ ಅಲ್ಲಮ. ಇಷ್ಟನ್ನು ನೋಡಿದರೇ ಅರ್ಧ ಕಸ ಹೋಗುತ್ತದೆ. ಹಾಡಿನಿಂದ ಕಲಿತವರೂ ಒಮ್ಮೆ ಪುಸ್ತಕ ತೆರೆಯಬೇಕು, ಏಕೆಂದರೆ ಹಾಡುವವರು ರಾಗದ ಅನುಕೂಲಕ್ಕೆ ಸಾಲು ಬಿಡುತ್ತಾರೆ, ಪಲ್ಲವಿ ಮಾಡಿಕೊಳ್ಳುತ್ತಾರೆ. ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಐದನೆಯದು ಶಿವಶರಣೆಯರದು, ಅಕ್ಕನ ವಚನಗಳು ಅದರಲ್ಲಿವೆ. ಪುಸ್ತಕ ಸಿಗದವರು ವಚನ ಸಂಚಯ ಜಾಲತಾಣದಲ್ಲಿ ಪದ ಕೊಟ್ಟು ಹುಡುಕಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸುವುದು, ಹಿಡಿಸಿದ್ದನ್ನು ಮಾತ್ರ ಓದುವುದು. “ಬೆಟ್ಟದ ಮೇಲೊಂದು ಮನೆಯ ಮಾಡಿ” ಎಲ್ಲರಿಗೂ ಬೇಕು. ಸ್ತುತಿ ನಿಂದೆ ಬಂದರೆ ಸಮಾಧಾನಿಯಾಗಿರಬೇಕು ಎಂಬ ಮಾತು ಆಫೀಸಿನ ಗೋಡೆಗೂ ಒಪ್ಪುತ್ತದೆ. ಅದನ್ನು ಓದಿದ ಮರುದಿನವೇ ಗಂಡಂದಿರನ್ನು ಒಲೆಗೆ ಹಾಕು ಎಂಬುದನ್ನು ಓದಿ. ಎರಡನ್ನೂ ಹೇಳಿದವಳು ಒಬ್ಬಳೇ. ಆ ಇಬ್ಬರನ್ನೂ ಒಂದೇ ತಲೆಯಲ್ಲಿ ಕೂರಿಸಲು ಹೆಣಗಾಡುವಾಗ ಸಮಾಧಾನ ಅಂದರೆ ಸುಮ್ಮನಿರುವುದು ಎಂಬ ನಿಮ್ಮ ಹಳೆಯ ನಂಬಿಕೆ ಸಡಿಲವಾಗುತ್ತದೆ.

ಇಷ್ಟಾದ ಮೇಲೆ, ಹೇಗೂ ಬರುವ ಇನ್ನೊಂದು ಪ್ರಶ್ನೆಯನ್ನೂ ಮುಗಿಸಿಬಿಡುತ್ತೇನೆ: ಅಕ್ಕನಿಗೆ ಕೌಶಿಕನ ಜೊತೆ ಮದುವೆ ಆಗಿತ್ತೇ? ಹರಿಹರ ತನ್ನ ರಗಳೆಯಲ್ಲಿ ಆಗಿತ್ತು ಎನ್ನುತ್ತಾನೆ. ಅವಳು ಷರತ್ತು ಹಾಕಿ ಒಪ್ಪುತ್ತಾಳೆ, ಅರಸ ಷರತ್ತು ಮುರಿಯುತ್ತಾನೆ, ಅವಳು ಹೊರಡುತ್ತಾಳೆ. 15ನೇ ಶತಮಾನದ ಚಾಮರಸ ಪ್ರಭುಲಿಂಗಲೀಲೆಯಲ್ಲಿ ಮದುವೆ ಆಗಗೊಡುವುದಿಲ್ಲ. ಹರಿಹರನಿಗೆ ಸಂಸಾರದೊಳಗೆ ಸಿಕ್ಕಿಯೂ ಬಿಡಿಸಿಕೊಂಡು ಬಂದ ಭಕ್ತೆ ಬೇಕಿತ್ತು, ಚಾಮರಸನಿಗೆ ಸಂಸಾರ ಸೋಕದ ವೈರಾಗ್ಯ ಬೇಕಿತ್ತು ಎಂದು ನನಗನಿಸುತ್ತದೆ. ಅಂದರೆ ಆ ಇಬ್ಬರು ಕವಿಗಳೂ ಅಕ್ಕನನ್ನು ಓದಿದವರೇ, ತಮ್ಮ ತಮ್ಮ ನಂಬಿಕೆಯ ಕಣ್ಣಿನಿಂದ. ನಮಗೂ ಹಾಗೆಯೇ ಆಗುತ್ತದೆ. ಮದುವೆಯ ಕಥೆ ಕೇಳಿ ಬಂದವರಿಗೆ ಒಲೆಯ ವಚನ ನೊಂದವಳ ಸಿಟ್ಟು, ಇನ್ನೊಂದು ಕಥೆ ಕೇಳಿ ಬಂದವರಿಗೆ ಅದೇ ವಚನ ಒಂದು ಪ್ರತಿಜ್ಞೆ. ಅದಕ್ಕೇ ವಚನ ಮೊದಲು, ಹರಿಹರ ಆಮೇಲೆ, ಚಾಮರಸ ಕೊನೆಗೆ ಎಂಬ ಕ್ರಮ ಹೇಳುವುದು. ಮದುವೆಯ ಬಗ್ಗೆ ಮತ್ತೆ ಕೇಳಿ ಬರೆಯುವವರು, ಯಾರ ಕಥೆಯಲ್ಲಿ ಎಂಬುದನ್ನೂ ಸೇರಿಸಿ ಕೇಳಿ.